ಎದೆಯ ದನಿಗೆ ಕಿವಿಗೊಟ್ಟ ರೆನೆ ಲೆನೆಕ್

ವೈದ್ಯರನ್ನು ಕಂಡೊಡನೆ ನಮ್ಮ ಕಣ್ಣು ಮೊದಲು ಹೋಗುವುದು ಅವರ ಕೊರಳಿನಲ್ಲಿ ತೂಗುವ ಸ್ಟೆತೊಸ್ಕೋಪಿನ ಕಡೆಗೆ. ಅದು ಒಬ್ಬ ಹೆಣ್ಣುಮಗಳ ಸಲುವಾಗಿ ಹುಟ್ಟಿದ ಸಾಧನವೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕಲಾ ವಿಭಾಗದ ವಿದ್ಯಾರ್ಥಿನಿಯಾದ ನನಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ನನ್ನನ್ನು ಅದರ ಜನಕನ ಚರಿತ್ರೆಯತ್ತ ಎಳೆದೊಯ್ದಿತು. ಆ ಮಹಾಶಯನ ಬಾಳನ್ನು ನಾನು ತಿಳಿದಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ರೆನೆ ಲೆನೆಕ್‌ನು 1781ನೆಯ ಇಸವಿ ಫೆಬ್ರುವರಿ 17ರಂದು ಫ್ರಾನ್ಸ್ ದೇಶದ ಬ್ರಿಟನಿ ಪ್ರಾಂತದಲ್ಲಿ ಜನಿಸಿದನು. ಐದು ವರ್ಷದವನಿರುವಾಗಲೇ ತಾಯಿಯನ್ನು ಕಳೆದುಕೊಂಡನು. ಅವನನ್ನು ಸಾಕಿ ಬೆಳೆಸಿದವನು ನಾಂತ್ ನಗರದಲ್ಲಿ ವೈದ್ಯನಾಗಿದ್ದ ಕಾಕನು. ಕ್ರಾಂತಿಯ ಗದ್ದಲದಲ್ಲಿ ಬೆಳೆದ ಆ ಹುಡುಗನು ಎಳೆಯ ವಯಸ್ಸಿನಲ್ಲಿಯೇ ಕಾಕನ ಆಸ್ಪತ್ರೆಯಲ್ಲಿ ಗಾಯಾಳುಗಳ ಶುಶ್ರೂಷೆಗೆ ನಿಂತನು. 1801ರಲ್ಲಿ ಪ್ಯಾರಿಸಿಗೆ ಹೋಗಿ, ನೆಪೋಲಿಯನ್ನನ ವೈದ್ಯನೂ ಆಗಿದ್ದ ಕೊರ್ವಿಸಾರ್‌ನ ಶಿಷ್ಯನಾದನು. ಎದೆಯನ್ನು ಬೆರಳಿನಿಂದ ತಟ್ಟಿ, ಏಳುವ ಸಪ್ಪಳದಿಂದ ಒಳಗಿನ ಬೇನೆಯನ್ನು ಗುರುತಿಸುವ ವಿದ್ಯೆಯನ್ನು ಆ ಗುರುವಿನಿಂದ ಕಲಿತನು. ಲೆನೆಕ್‌ನ ಮೈ ಕೃಶವಾಗಿತ್ತು, ಆರೋಗ್ಯ ಅಷ್ಟಕ್ಕಷ್ಟೆ. ಬಿಡುವಿನಲ್ಲಿ ಕೊಳಲು ನುಡಿಸುತ್ತಿದ್ದನು. ಅವನ ಕಿವಿ ನಾದಕ್ಕೆ ಪಳಗಿದ ಕಿವಿ.

1816ರಲ್ಲಿ ಅವನು ಪ್ಯಾರಿಸಿನ ನೆಕೆರ್ ಆಸ್ಪತ್ರೆಯ ವೈದ್ಯನಾದನು. ಅಲ್ಲಿಗೆ ಹೃದಯರೋಗದ ಲಕ್ಷಣಗಳಿದ್ದ ಒಬ್ಬ ತರುಣಿ ಬಂದಳು. ಅವಳದು ಸ್ಥೂಲ ಶರೀರ. ತಟ್ಟಿ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ರೋಗಿಯ ಎದೆಗೆ ನೇರವಾಗಿ ಕಿವಿ ಹಚ್ಚಿ ಕೇಳುವ ಪದ್ಧತಿಯೊಂದು ಇತ್ತು. ಪ್ರಾಯದ ಹೆಣ್ಣಿನ ಎದೆಗೆ ಪರಪುರುಷನು ಕಿವಿ ಹಚ್ಚುವುದೆಂತು? ಆಗ ಅವನಿಗೆ ಒಂದು ಸಾಮಾನ್ಯ ಸಂಗತಿ ನೆನಪಾಯಿತು. ಮರದ ತೊಲೆಯ ಒಂದು ತುದಿಯನ್ನು ಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಹಚ್ಚಿದ ಕಿವಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಕೂಡಲೆ ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಅವಳ ಎದೆಯ ಮೇಲಿಟ್ಟು, ಇನ್ನೊಂದಕ್ಕೆ ಕಿವಿಗೊಟ್ಟನು. ಬರಿಗಿವಿಗೆ ಕೇಳುವುದಕ್ಕಿಂತ ನಿಚ್ಚಳವಾಗಿ ಹೃದಯದ ಬಡಿತ ಕೇಳಿಸಿತು! ಹೆಣ್ಣಿನ ಮಾನವನ್ನೂ ಕಾಯಬೇಕು, ಅವಳ ಬೇನೆಯನ್ನೂ ತಿಳಿಯಬೇಕು ಎಂಬ ಇಕ್ಕಟ್ಟಿನಿಂದ ಈ ಸಾಧನ ಹುಟ್ಟಿತು.

ಮುಂದೆ ಅವನು ಸುಮಾರು ಒಂದು ಅಡಿ ಉದ್ದದ ಕಟ್ಟಿಗೆಯ ನಳಿಗೆಗಳನ್ನು ತನ್ನ ಕೈಯಿಂದಲೇ ಕಡೆದು ಸಿದ್ಧಪಡಿಸಿದನು. ರೋಗಿಗಳ ಎದೆಯಲ್ಲಿ ಕೇಳಿದ ಸಪ್ಪಳಗಳನ್ನು ಬರೆದಿಟ್ಟುಕೊಂಡು, ಮೃತರಾದವರ ಶವಪರೀಕ್ಷೆಯಲ್ಲಿ ಕಂಡುದರೊಡನೆ ಹೋಲಿಸಿ ನೋಡಿದನು. 1819ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಹೃದಯದ ಕವಾಟ ಸಂಕುಚಿತವಾದಾಗ ಎದೆಯ ಮೇಲಿಟ್ಟ ಅಂಗೈಗೆ ಬೆಕ್ಕಿನ ಗುರುಗುಟ್ಟುವಿಕೆಯಂಥ ಕಂಪನ ತಾಕುವುದೆಂದು ಗುರುತಿಸಿದವನೂ ಅವನೇ. ಅವನು ತಪ್ಪಲಿಲ್ಲವೆಂದಲ್ಲ. ಹೃದಯದ ಎರಡನೆಯ ಸಪ್ಪಳಕ್ಕೆ ಅವನು ಕೊಟ್ಟ ಕಾರಣ ಸರಿಯಾಗಿರಲಿಲ್ಲ. ಅದು ಕವಾಟಗಳು ಮುಚ್ಚಿಕೊಳ್ಳುವ ಸಪ್ಪಳವೆಂದು ನಂತರದವರು ತೋರಿಸಿದರು.

ಕ್ಷಯರೋಗದ ಬಗೆಗೆ ಅಷ್ಟೊಂದು ಬರೆದ ಲೆನೆಕ್‌ನನ್ನು ಕೊನೆಗೆ ಕ್ಷಯವೇ ಹಿಡಿಯಿತು. ಅವನ ಬಂಧು ಮೆರಿಯಾದೆಕ್‌ನು ಅದೇ ನಳಿಗೆಯನ್ನು ಅವನ ಎದೆಗಿಟ್ಟು ಕೇಳಿದನು. ಕೇಳಿಸಿದ್ದು ಲೆನೆಕ್‌ನೇ ಬರೆದಿಟ್ಟಿದ್ದ ರೋಗಲಕ್ಷಣ. 1826ರ ಆಗಸ್ಟ್ 13ರಂದು, 45ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ನಳಿಗೆಯನ್ನು ಮೆರಿಯಾದೆಕ್‌ನಿಗೇ ಬಿಟ್ಟುಹೋದನು.

ಇನ್ನು ನಮ್ಮ ಮನೆಯ ಸಂಗತಿ. ನಾನು ಚಿಕ್ಕವಳಿದ್ದಾಗ ನಮ್ಮ ಚಿಗವ್ವ ನೀಲಮ್ಮನ ಕೆರೆಯಿಂದ ಕೊಡ ಹೊತ್ತು ಬರುವಾಗ ನಡುದಾರಿಯಲ್ಲಿ ಕುಳಿತುಬಿಡುತ್ತಿದ್ದಳು. ಹತ್ತಿ ಬಿಡಿಸುವಾಗ ಎಲ್ಲರಿಗಿಂತ ಹಿಂದೆ ಉಳಿಯುತ್ತಿದ್ದಳು. ಮೈಗಳ್ಳಿ ಎಂದು ಮನೆಯವರು ನಕ್ಕೆವು. ವೈದ್ಯರೊಬ್ಬರು ಸೆರಗಿನ ಮೇಲಿಂದಲೇ ಎರಡು ಕ್ಷಣ ನಳಿಗೆಯಿಟ್ಟು, ನಿಶ್ಶಕ್ತಿಯೆಂದು ಟಾನಿಕ್ಕು ಬರೆದುಕೊಟ್ಟರು. ಅವಳು ಗರ್ಭಿಣಿಯಾದಾಗ ಏಳನೆಯ ತಿಂಗಳಿನಲ್ಲಿ ಒಂದು ರಾತ್ರಿ ಮಲಗಲಾರದೆ ಎದ್ದು ಕುಳಿತು ಏದುಸಿರು ಬಿಟ್ಟಳು. ಅವಳನ್ನು ಹುಬ್ಬಳ್ಳಿಗೆ ಒಯ್ದೆವು. ಅಲ್ಲಿಯ ವೈದ್ಯೆ ಅವಳನ್ನು ಎಡಮಗ್ಗುಲಾಗಿ ಮಲಗಿಸಿ, ಬಟ್ಟೆ ಸರಿಸಿ, ಎಡ ಎದೆಯ ಕೆಳಗೆ ನಳಿಗೆಯಿಟ್ಟು ಬಹಳ ಹೊತ್ತು ಕೇಳಿದಳು. ಮೈಟ್ರಲ್ ಕವಾಟ ಕಿರಿದಾಗಿತ್ತು.

ಈ ಬೇನೆಯ ಮೂಲ ಬಾಲ್ಯದಲ್ಲಿ ಬರುವ ಗಂಟಲುನೋವು ಮತ್ತು ಅದರ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ. ಕವಾಟ ಹೀಗೆ ಕಿರಿದಾಗುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಗರ್ಭಿಣಿಯ ಮೈಯಲ್ಲಿ ರಕ್ತ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚುತ್ತದೆ. ಕಿರಿದಾದ ಬಾಗಿಲಿನಲ್ಲಿ ಅದು ಹಾಯಲಾರದೆ ಪುಪ್ಪುಸಗಳಿಗೆ ಒತ್ತಡ ಬೀಳುತ್ತದೆ. ಮಹಾಧಮನಿಯ ಕವಾಟದಲ್ಲಿ ಮೂರರ ಬದಲು ಎರಡೇ ದಳಗಳಿರುವ ಹುಟ್ಟುದೋಷವಾದರೋ ಗಂಡಸರಲ್ಲಿಯೇ ಹೆಚ್ಚು. ಮುಪ್ಪಿನಲ್ಲಿ ಅದೇ ಕವಾಟ ಬಿರುಸಾದಾಗ ಗಂಡಸರಲ್ಲಿ ಸುಣ್ಣದ ಅಂಶ ಬಹಳ ಕೂಡಿಕೊಳ್ಳುತ್ತದೆ. ಹೆಂಗಸರಲ್ಲಿ ಕಡಿಮೆ ಸುಣ್ಣದಿಂದಲೇ ಬಾಗಿಲು ಕಿರಿದಾಗುತ್ತದೆ. ಆದಕಾರಣ ಸಿ.ಟಿ. ಪರೀಕ್ಷೆಯಲ್ಲಿ ರೋಗ ತೀವ್ರವೆನ್ನಲು ಗಂಡಸರಿಗೆ 2000 ಅಂಕ ಬೇಕಾದರೆ ಹೆಂಗಸರಿಗೆ 1200 ಸಾಕು. ಒಂದೇ ಅಳತೆಗೋಲಿನಿಂದ ಇಬ್ಬರನ್ನೂ ಅಳೆದರೆ ಹೆಣ್ಣಿನ ಬೇನೆ ಕಾಣದೆ ಉಳಿಯುತ್ತದೆ.

ಚಿಗವ್ವನ ಹೆರಿಗೆ ವೈದ್ಯರ ಕಣ್ಗಾವಲಿನಲ್ಲಿ ಸುಸೂತ್ರವಾಗಿ ಆಯಿತು. ಅನಂತರ ತೊಡೆಸಂದಿಯ ರಕ್ತನಾಳದಿಂದ ಸಣ್ಣ ಬಲೂನನ್ನು ಹೃದಯಕ್ಕೆ ಒಯ್ದು, ಅಲ್ಲಿ ಉಬ್ಬಿಸಿ, ಕವಾಟವನ್ನು ಬಿಡಿಸಿದರು. 1982ರಲ್ಲಿ ಜಪಾನಿನ ಇನೋಯೆ ಮೊದಲು ಮಾಡಿದ ಚಿಕಿತ್ಸೆಯದು. ಅದಕ್ಕೂ ಮುಂಚೆ ಒಂದು ದಿನ ಆ ವೈದ್ಯೆ ನಳಿಗೆಯನ್ನು ನನ್ನ ಕಿವಿಗಿಟ್ಟಿದ್ದಳು. ಬಡಿತಗಳ ನಡುವೆ ದೂರದ ಗುಡುಗಿನಂಥ ಮೆಲ್ಲನೆಯ ದನಿ ಕೇಳಿಸಿತು. ಅದು ಎಷ್ಟೋ ವರ್ಷಗಳಿಂದ ಅಲ್ಲಿಯೇ ಇತ್ತು.

ಗೆಳೆಯರೇ, ಗೆಳತಿಯರೇ, ನಿಮ್ಮ ಮನೆಯ ಮಕ್ಕಳಿಗೆ ಗಂಟಲುನೋವಿನ ಬೆನ್ನಿಗೆ ಜ್ವರ, ಕೀಲುನೋವು ಬಂದರೆ ತಡಮಾಡಬೇಡಿರಿ. ನಿಮ್ಮ ತಾಯಿಯೋ ಅಕ್ಕನೋ ಕೊಡ ಇಳಿಸಿ ಏದುಸಿರು ಬಿಟ್ಟರೆ ನಗಬೇಡಿರಿ. ವೈದ್ಯರ ಬಳಿಗೆ ಕರೆದೊಯ್ದು, ಎದೆಯನ್ನು ಸರಿಯಾಗಿ ಪರೀಕ್ಷಿಸಿರೆಂದು ಸಂಕೋಚವಿಲ್ಲದೆ ಕೇಳಿರಿ. ಲೆನೆಕ್‌ನು ನಳಿಗೆಯನ್ನು ಮಾಡಿದ್ದು ಅದಕ್ಕಾಗಿಯೇ.