ಡಾ. ಪ್ರಫುಲ್ಲ ಕುಮಾರ ಸೇನ್

ಭಾರತದ ಹೃದಯ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಮುಂಬಯಿಯ ಪರೇಲಿಗೆ ವಿಶಿಷ್ಟ ಸ್ಥಾನವಿದೆ. ಹತ್ತಿಗಿರಣಿಗಳ ಆ ಪ್ರದೇಶದಲ್ಲಿ ೧೯೨೬ರಲ್ಲಿ ಪ್ರಾರಂಭವಾದ ಕೆ.ಇ.ಎಂ. ಆಸ್ಪತ್ರೆ ಮತ್ತು ಅದರೊಂದಿಗಿರುವ ಸೇಠ್ ಜಿ.ಎಸ್. ವೈದ್ಯಕೀಯ ಮಹಾವಿದ್ಯಾಲಯ ಬಂಗಾಳಿ ಮೂಲದ ಡಾ. ಪ್ರಫುಲ್ಲ ಕುಮಾರ ಸೇನ್ (೧೯೧೫-೧೯೮೨) ಅವರ ಕರ್ಮಭೂಮಿಯಾಗಿದ್ದವು.

೧೯೫೦ರ ದಶಕದಲ್ಲಿ ಹೃದಯವನ್ನು ಮುಟ್ಟುವುದೇ ಸಾಹಸವೆನಿಸಿದ್ದಾಗ ಸೇನರು ಕಿರಿದಾದ ಕವಾಟಗಳನ್ನು ಬಿಡಿಸುವ, ಮಹಾಪಧಮನಿಯ ದೋಷಗಳನ್ನು ಸರಿಪಡಿಸುವ ಶಸ್ತ್ರಕ್ರಿಯೆಗಳಲ್ಲಿ ತೊಡಗಿದರು. ಆದರೆ ಶಸ್ತ್ರಕೌಶಲವೊಂದೇ ಅವರ ಹಿರಿಮೆಯಲ್ಲ. ರೋಗಿಯ ಮಂಚದ ಬಳಿ ಹುಟ್ಟಿದ ಪ್ರಶ್ನೆಯನ್ನು ಅವರು ಪ್ರಯೋಗಶಾಲೆಗೆ ಒಯ್ಯುತ್ತಿದ್ದರು. ಮಹಾಪಧಮನಿ ಮತ್ತು ಅದರ ಕವಲುಗಳ ಭಿತ್ತಿ ಉರಿಯೂತದಿಂದ ದಪ್ಪವಾಗಿ, ರಕ್ತದ ಹಾದಿ ಇಕ್ಕಟ್ಟಾಗುವ ವ್ಯಾಧಿಯೊಂದು ಎಳೆಯ ವಯಸ್ಸಿನವರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಹೆಚ್ಚಾಗಿ ಬಾಧಿಸುತ್ತದೆ. ಮೂತ್ರಪಿಂಡದ ಧಮನಿಗಳು ಕಿರಿದಾದಾಗ ರಕ್ತದೊತ್ತಡವೂ ಏರುತ್ತದೆ. ಈ ವ್ಯಾಧಿಯನ್ನು ಸೇನರು ರೋಗವಿಜ್ಞಾನಿ ಡಾ. ಕಿನಾರೆ ಮೊದಲಾದವರೊಡನೆ ದೀರ್ಘಕಾಲ ಅಭ್ಯಸಿಸಿದರು. ೧೯೬೩ರಲ್ಲಿ ಪ್ರಕಟವಾದ ಅವರ ಪ್ರಬಂಧ ಈ ಕ್ಷೇತ್ರದಲ್ಲಿ ಗಣ್ಯವಾದುದು.

ಹಾವಿನ ಹೃದಯವೂ ಅವರ ಜಿಜ್ಞಾಸೆಯನ್ನು ಕೆರಳಿಸಿತು. ಸರೀಸೃಪಗಳ ಹೃತ್ಸ್ನಾಯುವಿಗೆ ಹೃದಯದ ಒಳಕೋಣೆಯಿಂದಲೇ ಸೂಕ್ಷ್ಮ ರಂಧ್ರಗಳ ಮೂಲಕ ರಕ್ತ ಹರಿಯುತ್ತದೆ. ಧಮನಿ ಮುಚ್ಚಿಹೋದ ಮಾನವ ಹೃದಯಕ್ಕೂ ಸೂಜಿಯಿಂದ ಅಂಥ ಹಾದಿಗಳನ್ನು ಕಲ್ಪಿಸಬಹುದೇ ಎಂಬುದು ಸೇನರ ಪ್ರಶ್ನೆ. ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳ ಫಲವನ್ನು ಅವರು ೧೯೬೫ರಲ್ಲಿ ಪ್ರಕಟಿಸಿದರು. ಮುಂದೆ ಪಾಶ್ಚಾತ್ಯ ಶಸ್ತ್ರವೈದ್ಯರು ಸೂಜಿಯ ಬದಲು ಲೇಸರ್ ಕಿರಣವನ್ನು ಬಳಸಿದರು. ಹೀಗೆ ಕೊರೆದ ರಂಧ್ರಗಳು ಬಹುಕಾಲ ತೆರೆದಿರುವುದಿಲ್ಲವೆಂಬುದು ಅನಂತರ ತಿಳಿದುಬಂದಿತಾದರೂ, ಆ ಚಿಂತನೆಯ ಸ್ವಂತಿಕೆ ಕುಂದುವುದಿಲ್ಲ.

೧೯೬೭ರ ಡಿಸೆಂಬರಿನಲ್ಲಿ ಕೇಪ್‌ಟೌನಿನಲ್ಲಿ ಡಾ. ಬರ್ನಾರ್ಡ್ ಮೊದಲ ಮಾನವ ಹೃದಯ ಕಸಿ ನಡೆಸಿದರು. ಶ್ವಾನಗಳ ಮೇಲೆ ಈ ವಿಧಾನವನ್ನು ಅಭ್ಯಸಿಸಿದ್ದ ಸೇನರು ೧೯೬೮ರ ಫೆಬ್ರವರಿಯಲ್ಲಿ ಕೆ.ಇ.ಎಂ.ನಲ್ಲಿ ಅದನ್ನು ಕೈಗೊಂಡರು. ಅದು ಜಗತ್ತಿನಲ್ಲಿ ಆರನೆಯದು, ಏಷ್ಯಾದಲ್ಲಿ ಮೊದಲನೆಯದು. ಮಿದುಳಿನ ಮರಣಕ್ಕೆ ಆಗ ನಮ್ಮ ದೇಶದಲ್ಲಿ ಕಾನೂನಿನ ಮಾನ್ಯತೆ ಇರಲಿಲ್ಲ. ಕಸಿ ಮಾಡಿದ ಹೃದಯ ಮಿಡಿಯಿತು. ಆದರೆ ಶ್ವಾಸಕೋಶದ ರಕ್ತನಾಳಗಳ ಅಧಿಕ ಒತ್ತಡವನ್ನು ಅದು ತಾಳಲಿಲ್ಲ. ರೋಗಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡನು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಡೆದ ಎರಡನೆಯ ಯತ್ನದಲ್ಲೂ ರೋಗಿ ಒಂದು ದಿನವನ್ನು ದಾಟಲಿಲ್ಲ. ಸೇನರು ಮತ್ತೆ ಈ ಶಸ್ತ್ರಕ್ರಿಯೆಗೆ ಮುಂದಾಗಲಿಲ್ಲ.

ಇದನ್ನು ಕೇವಲ ಸೋಲೆಂದು ಬಗೆಯುವುದು ಉಚಿತವಲ್ಲ. ಆ ವರ್ಷ ಜಗತ್ತಿನಾದ್ಯಂತ ನಡೆದ ನೂರಕ್ಕೂ ಮಿಕ್ಕ ಕಸಿಗಳಲ್ಲಿ ಬದುಕುಳಿದವರು ವಿರಳ. ಕಸಿಗೆ ಮುನ್ನ ಶ್ವಾಸಕೋಶದ ರಕ್ತನಾಳಗಳ ಒತ್ತಡವನ್ನು ಪರೀಕ್ಷಿಸುವುದು ಇಂದು ಕಡ್ಡಾಯ ಕ್ರಮ. ೧೯೬೯ರಲ್ಲಿ ಸೇನರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. ೧೯೯೪ರಲ್ಲಿ ಅಂಗಾಂಗ ಕಸಿ ಕಾಯಿದೆ ಅಂಗೀಕಾರವಾಗಿ, ಅದೇ ವರ್ಷ ದೆಹಲಿಯಲ್ಲಿ ಡಾ. ವೇಣುಗೋಪಾಲ್ ಅವರು ಹೃದಯ ಕಸಿಯಲ್ಲಿ ಯಶಸ್ವಿಯಾದಾಗ ಸೇನರು ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಔಷಧಿ, ಕಾನೂನು, ಅನುಭವ ಯಾವುದೂ ಒದಗಿಬರದ ಕಾಲದಲ್ಲಿ ಹೆಜ್ಜೆಯಿಟ್ಟವರೆಂಬ ಕಾರಣಕ್ಕೆ ಅವರ ಸ್ಮರಣೆ ಸಾರ್ಥಕವಾದುದು.