ಮಹಾತ್ಮರ ಮನೆಯಲ್ಲೇ ಇದ್ದ ಮದ್ಯವ್ಯಸನ: ಶುಶ್ರೂಷಾ ವಿದ್ಯಾರ್ಥಿಗಳಿಗೆ ಒಂದು ಪಾಠ

1927ರ ಮಾರ್ಚ್ ತಿಂಗಳ ಕೊನೆ. ಖಾದಿ ಪ್ರಚಾರಕ್ಕಾಗಿ ಊರೂರು ತಿರುಗುತ್ತಿದ್ದ ಮಹಾತ್ಮ ಗಾಂಧೀಜಿಯವರ ದೇಹ ಕೊಲ್ಹಾಪುರದಲ್ಲಿ ಸೋತುಹೋಯಿತು. ರಕ್ತದ ಒತ್ತಡ ಏರಿತ್ತು. ಮುಂದಿನ ಊರಾದ ನಿಪ್ಪಾಣಿಗೆ ಬಂದಾಗ ಅವರು ಹಾಸಿಗೆ ಹಿಡಿದಿದ್ದರು. ವೈದ್ಯರು ಪೂರ್ಣ ವಿಶ್ರಾಂತಿ ಬೇಕೆಂದರು. ಅಲ್ಲಿಂದ ಅಂಬೋಲಿಗೂ ಬಳಿಕ ನಮ್ಮ ನಂದಿಬೆಟ್ಟಕ್ಕೂ ಅವರನ್ನು ಕರೆದೊಯ್ಯಲಾಯಿತು.

ನಿಪ್ಪಾಣಿ ಹೊಗೆಸೊಪ್ಪಿನ ಪೇಟೆಗೆ ಹೆಸರಾದ ಊರು. ಜೀವನವಿಡೀ ಅಮಲು ಪದಾರ್ಥಗಳ ವಿರುದ್ಧ ಮಾತನಾಡಿದ ವ್ಯಕ್ತಿ ಆ ಊರಲ್ಲಿ ರೋಗಿಯಾಗಿ ಮಲಗಿದ್ದರು. ಅದೇ ಕಾಲದಲ್ಲಿ ಅವರ ಹಿರಿಯ ಮಗ ಹರಿಲಾಲ್ ಕುಡಿತದ ಕೆಸರಿನಲ್ಲಿ ಸಿಲುಕಿದ್ದರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಆಸ್ಪತ್ರೆಗಳಲ್ಲಿ ಶುಶ್ರೂಷೆ ಕಲಿಯುತ್ತಿರುವ ಯುವಜನರು ಈ ತಂದೆ-ಮಗನ ಕಥೆಯನ್ನು ತಿಳಿಯಬೇಕು. ವ್ಯಸನ ಎಂದರೇನು, ಅದು ಯಾರನ್ನು ಹಿಡಿಯುತ್ತದೆ, ಅದಕ್ಕೆ ಮದ್ದೇನು ಎಂಬ ಮೂರೂ ಪ್ರಶ್ನೆಗಳು ಅದರಲ್ಲಿವೆ.

ಗಾಂಧೀಜಿ ಹುಟ್ಟಿದ್ದು 1869ರಲ್ಲಿ. ಬಾಲ್ಯದಲ್ಲಿ ಅವರೂ ತಂಬಾಕಿನ ಸೆಳೆತಕ್ಕೆ ಬಿದ್ದಿದ್ದರು. ಚಿಕ್ಕಪ್ಪ ಸೇದಿ ಎಸೆದ ಸಿಗರೇಟಿನ ತುಂಡುಗಳನ್ನು ಬಂಧುವಾದ ಒಬ್ಬ ಹುಡುಗನ ಜೊತೆ ಕದ್ದು ಸೇದಿದರು. ತುಂಡುಗಳು ಸಾಲದಾದಾಗ ಆಳಿನ ಪುಡಿಗಾಸಿಗೂ ಕೈ ಹಾಕಿದರು. ಹಿರಿಯರ ಅನುಕರಣೆ, ಗೆಳೆಯನ ಜೊತೆ, ಗುಟ್ಟು, ಬಳಿಕ ಕಳ್ಳತನ: ಇಂದಿನ ಗುಟ್ಕಾ ಹುಡುಗರ ದಾರಿಯೂ ಇದೇ. ಆದರೆ ಅವರ ಚಟ ಅಲ್ಲಿಗೇ ನಿಂತಿತು. ಹದಿನೈದರ ವಯಸ್ಸಿನಲ್ಲಿ ಅಣ್ಣನ ಸಾಲ ತೀರಿಸಲು ಚಿನ್ನದ ಚೂರು ಕದ್ದಾಗ ಅವರು ತಪ್ಪನ್ನು ಬರೆದು ತಂದೆಗೆ ಕೊಟ್ಟರು. ಹಾಸಿಗೆ ಹಿಡಿದಿದ್ದ ತಂದೆ ಬೈಯಲಿಲ್ಲ, ಹೊಡೆಯಲಿಲ್ಲ, ಮೌನವಾಗಿ ಕಣ್ಣೀರು ಸುರಿಸಿದರು. ಆ ಕ್ಷಮೆ ಹುಡುಗನನ್ನು ಬದಲಿಸಿತು.

ರೋಗಿಗಳ ಸೇವೆಯಲ್ಲಿ ಗಾಂಧೀಜಿಗೆ ಎಳವೆಯಿಂದಲೂ ಆಸಕ್ತಿ. ಕಾಯಿಲೆಯ ತಂದೆಗೆ ಔಷಧ ಕೊಟ್ಟು ಕಾಲು ಒತ್ತುತ್ತಿದ್ದರು. 1899ರ ಬೋಯರ್ ಯುದ್ಧದಲ್ಲಿ ಗಾಯಾಳುಗಳನ್ನು ಹೊರುವ ಭಾರತೀಯರ ದಳ ಕಟ್ಟಿದರು. 1904ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಪ್ಲೇಗ್ ಬಂದಾಗ ಖಾಲಿ ಕಟ್ಟಡವೊಂದರಲ್ಲಿ 23 ರೋಗಿಗಳನ್ನು ನೋಡಿಕೊಂಡರು. ಅಲ್ಲಿಗೆ ಬಂದ ದಾದಿಯೊಬ್ಬರ ಬಳಿ ಬ್ರಾಂಡಿಯ ಸೀಸೆಗಳಿದ್ದವು. ರೋಗಿಗಳಿಗೆ ಆಗಾಗ ಕುಡಿಸಬೇಕು, ಸೇವೆ ಮಾಡುವವರೂ ರಕ್ಷಣೆಗಾಗಿ ಕುಡಿಯಬೇಕು ಎಂಬುದು ಆಗಿನ ವೈದ್ಯಕೀಯ ಸಲಹೆ. ಗಾಂಧೀಜಿ ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಆ ದಯಾಳು ದಾದಿಯೂ ಪ್ಲೇಗಿಗೆ ಬಲಿಯಾದರು. ಮದ್ಯ ರಕ್ಷಣೆ ಕೊಡುತ್ತದೆಂಬ ನಂಬಿಕೆ ಅಂದು ಆಸ್ಪತ್ರೆಯೊಳಗೇ ಇತ್ತು ಎಂಬುದನ್ನು ಗಮನಿಸಿ. ಚಳಿಗೆ, ಮೈಕೈ ನೋವಿಗೆ, ನಿದ್ರೆಗೆ ಒಂದಿಷ್ಟು ಒಳ್ಳೆಯದು ಎಂಬ ಮಾತು ನಮ್ಮ ಊರುಗಳಲ್ಲಿ ಇಂದಿಗೂ ಕೇಳಿಬರುತ್ತದೆ.

ಇನ್ನು ಮಗನ ಕಥೆ. ಹರಿಲಾಲ್ ಹುಟ್ಟಿದ್ದು 1888ರಲ್ಲಿ. ಅದೇ ವರ್ಷ ತಂದೆ ಓದಲೆಂದು ಇಂಗ್ಲೆಂಡಿಗೆ ಹೊರಟರು. 1906ರಲ್ಲಿ ಹರಿಲಾಲ್ ಗುಲಾಬ್ ಎಂಬುವರನ್ನು ಮದುವೆಯಾದರು. ದಕ್ಷಿಣ ಆಫ್ರಿಕಾದ ಸತ್ಯಾಗ್ರಹದಲ್ಲಿ ಹಲವು ಬಾರಿ ಜೈಲಿಗೆ ಹೋಗಿ ಚಿಕ್ಕ ಗಾಂಧಿ ಎನಿಸಿಕೊಂಡರು. ಅವರಿಗೆ ತಂದೆಯಂತೆ ಇಂಗ್ಲೆಂಡಿನಲ್ಲಿ ಓದುವ ಆಸೆ ಇತ್ತು. ಆದರೆ ವಿದ್ಯಾರ್ಥಿವೇತನ ಒದಗಿಬಂದಾಗ ತಂದೆ ಬೇರೆ ಯುವಕರನ್ನು ಕಳುಹಿಸಿದರು. ಆ ಗಾಯ ಮಾಯಲಿಲ್ಲ. 1911ರಲ್ಲಿ ಹರಿಲಾಲ್ ತಂದೆಯನ್ನು ಬಿಟ್ಟು ಭಾರತಕ್ಕೆ ಮರಳಿದರು. ಇಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋತರು. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಪತ್ನಿಯನ್ನೂ ಪುಟ್ಟ ಮಗನನ್ನೂ ಕಳೆದುಕೊಂಡರು. ಉಳಿದ ಮಕ್ಕಳ ಪಾಲನೆಗೆ ಅಜ್ಜಿ ಕಸ್ತೂರ್‌ಬಾ ಆಸರೆಯಾದರು. ವ್ಯಾಪಾರ ಕೈಕೊಟ್ಟಿತು, ಸಾಲ ಬೆಳೆಯಿತು, ಕುಡಿತ ಗಟ್ಟಿಯಾಯಿತು.

ತಂದೆಯ ನೆರಳಲ್ಲಿ ಕುಗ್ಗಿದ ಮನಸ್ಸು, ಮುರಿದ ಆಸೆ, ಅಗಲಿಕೆಯ ದುಃಖ, ಒಂಟಿತನ, ಸಾಲ: ಇಂದು ಮನೋವೈದ್ಯರು ಅಪಾಯಕಾರಿ ಅಂಶಗಳೆಂದು ಕಲಿಸುವ ಎಷ್ಟೊಂದು ಸಂಗತಿಗಳು ಒಬ್ಬನ ಬಾಳಿನಲ್ಲೇ ಕೂಡಿಕೊಂಡವು ನೋಡಿ. ಇವುಗಳ ಜೊತೆಗೆ ವಂಶದಿಂದ ಬರುವ ಒಲವು, ಚಿಕ್ಕ ವಯಸ್ಸಿನಲ್ಲೇ ಆರಂಭಿಸುವುದು, ಖಿನ್ನತೆಯಂಥ ಮನೋರೋಗ, ಅಮಲು ಸುಲಭವಾಗಿ ಕೈಗೆ ಸಿಗುವುದು ಇವನ್ನೂ ಸೇರಿಸಿಕೊಳ್ಳಿ. ಗಡಿ ತಾಲೂಕುಗಳ ಬದುಕಿನಲ್ಲಿ ಹೊಗೆಸೊಪ್ಪು ದುಡಿಮೆಯೂ ಹೌದು, ಚಟವೂ ಹೌದು. ಒದ್ದೆ ಎಲೆ ಮುಟ್ಟುವವರ ಚರ್ಮದ ಮೂಲಕವೇ ನಿಕೋಟಿನ್ ದೇಹ ಸೇರಿ ತಲೆಸುತ್ತು, ವಾಂತಿ ಬರಬಹುದು. ರೋಗಿಯ ಕಸುಬು ಏನೆಂದು ಕೇಳಲು ದಾದಿ ಮರೆಯಬಾರದು.

ಗಾಂಧೀಜಿ ಮಗನಿಗೆ ಪತ್ರ ಬರೆದರು, ಬುದ್ಧಿ ಹೇಳಿದರು, ಪತ್ರಿಕೆಯಲ್ಲಿ ಬಹಿರಂಗವಾಗಿ ದೂರವಿಟ್ಟರು, ಮತ್ತೆ ಹತ್ತಿರ ಕರೆದರು. ಮಗನ ದೋಷಗಳು ತನ್ನ ಯೌವನದ ಅಶಿಸ್ತಿನ ಪ್ರತಿಧ್ವನಿ ಎಂದು ತಮ್ಮನ್ನೇ ಹಳಿದುಕೊಂಡರು. ಹರಿಲಾಲ್ ಮಾತು ಕೊಟ್ಟರು, ತಪ್ಪಿದರು, ಮತ್ತೆ ಮಾತು ಕೊಟ್ಟರು. 1936ರಲ್ಲಿ ಮತಾಂತರವಾಗಿ ಕೆಲವೇ ತಿಂಗಳಲ್ಲಿ ಹಿಂದಿರುಗಿದರು. ತಾಯಿಯ ಮೇಲಿನ ಪ್ರೀತಿ ಮಾತ್ರ ಬತ್ತಲಿಲ್ಲ. ಒಮ್ಮೆ ಕಟನಿ ರೈಲು ನಿಲ್ದಾಣದಲ್ಲಿ ಜನರೆಲ್ಲ ಮಹಾತ್ಮರಿಗೆ ಜಯಕಾರ ಕೂಗುತ್ತಿದ್ದಾಗ ಚಿಂದಿ ಬಟ್ಟೆಯ ಹರಿಲಾಲ್ ತಾಯಿಗೆ ಜಯಕಾರ ಕೂಗಿ ಒಂದು ಕಿತ್ತಳೆ ಹಣ್ಣು ಕೊಟ್ಟರಂತೆ. ಆದರೆ 1944ರ ಫೆಬ್ರವರಿಯಲ್ಲಿ ಕಸ್ತೂರ್‌ಬಾ ಮರಣಶಯ್ಯೆಯಲ್ಲಿದ್ದಾಗ ಅದೇ ಮಗ ಕುಡಿದು ಬಂದರು. ತಾಯಿ ಹಣೆ ಬಡಿದುಕೊಂಡು ಅತ್ತರು. ಮರುದಿನವೇ ತೀರಿಕೊಂಡರು.

ಇದನ್ನು ಓದಿ ಹರಿಲಾಲರನ್ನು ಬೈಯುವುದು ಸುಲಭ, ತಂದೆಯನ್ನು ಬೈಯುವುದೂ ಸುಲಭ. ಶುಶ್ರೂಷೆ ಕಲಿಯುವವರು ಇನ್ನೊಂದು ಪ್ರಶ್ನೆ ಕೇಳಬೇಕು: ಈ ರೋಗಿಗೆ ಚಿಕಿತ್ಸೆ ಎಲ್ಲಿ ಸಿಕ್ಕಿತು? ಆ ದಿನಗಳಲ್ಲಿ ಕುಡಿತವನ್ನು ಪಾಪವೆಂದೋ ದೌರ್ಬಲ್ಯವೆಂದೋ ನೋಡುತ್ತಿದ್ದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ಅಮೆರಿಕದ ಆಕ್ರನ್ ನಗರದಲ್ಲಿ ಹುಟ್ಟಿದ್ದು 1935ರಲ್ಲಿ. ಅದೇ ನಗರದ ಸೈಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಶಿಯಾ ಎಂಬ ಧರ್ಮಭಗಿನಿ ಡಾ. ರಾಬರ್ಟ್ ಸ್ಮಿತ್ ಅವರೊಂದಿಗೆ 1939ರಿಂದ ಕುಡುಕರನ್ನು ರೋಗಿಗಳೆಂದೇ ದಾಖಲಿಸಿಕೊಂಡರು. ಅಮೆರಿಕದ ವೈದ್ಯರ ಸಂಘ ಇದನ್ನು ಕಾಯಿಲೆಯೆಂದು ಒಪ್ಪಿದ್ದು 1956ರಲ್ಲಿ. ಅಷ್ಟರಲ್ಲಿ ಹರಿಲಾಲ್ ಬದುಕಿರಲಿಲ್ಲ.

ಇಂದು ನಮಗೆ ತಿಳಿದಿರುವುದು ಹೆಚ್ಚು. ದಿನನಿತ್ಯ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ಕೈನಡುಕ, ಬೆವರು, ನಿದ್ರಾಹೀನತೆ ಶುರುವಾಗುತ್ತದೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ ಹಿಡಿದು ಇಲ್ಲದ್ದು ಕಾಣಬಹುದು, ಜೀವಕ್ಕೂ ಅಪಾಯವಿದೆ. ಕಾಲು ಮುರಿದು ದಾಖಲಾದ ರೈತ ಮೂರನೇ ರಾತ್ರಿ ಗಲಾಟೆ ಮಾಡಿದರೆ ಬೈದು ಕಟ್ಟಿಹಾಕುವ ಮೊದಲು, ಕೊನೆಯ ಬಾರಿ ಕುಡಿದದ್ದು ಯಾವಾಗ ಎಂದು ಮನೆಯವರನ್ನು ಕೇಳಿ, ವೈದ್ಯರಿಗೆ ತಿಳಿಸಿ. ವೈದ್ಯರ ಆದೇಶದಂತೆ ಡಯಾಜೆಪಾಮ್‌ನಂಥ ಔಷಧ, ಗ್ಲೂಕೋಸ್‌ಗೆ ಮೊದಲು ಥಯಾಮಿನ್ ಜೀವಸತ್ವ, ನೀರು, ನಿದ್ರೆ, ಶಾಂತ ಬೆಳಕಿನ ಕೋಣೆ ಮೊದಲ ಹೆಜ್ಜೆ. ಮುಂದೆ ಕಡುಬಯಕೆ ತಗ್ಗಿಸುವ ಔಷಧ, ಆಪ್ತಸಮಾಲೋಚನೆ, ಕುಟುಂಬದ ಬೆಂಬಲ, ಎಎ ಕೂಟಗಳು. ಮತ್ತೆ ಜಾರುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಸಕ್ಕರೆ ಕಾಯಿಲೆ ಮರುಕಳಿಸಿದವನಿಗೆ ನಾವು ಬಾಗಿಲು ಮುಚ್ಚುವುದಿಲ್ಲ, ಇವನಿಗೂ ಮುಚ್ಚಬಾರದು. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಈ ಎರಡು ಸಂಖ್ಯೆಗಳು ಪ್ರತಿ ವಾರ್ಡಿನಲ್ಲೂ ಪ್ರತಿ ಚರ್ಚಿನ ಫಲಕದಲ್ಲೂ ಇರಲಿ.

ಗಾಂಧೀಜಿಯವರ ಪಾನನಿರೋಧದ ಹೋರಾಟ ವ್ಯರ್ಥವಾಗಲಿಲ್ಲ. ಅಮಲು ಪದಾರ್ಥಗಳ ನಿಷೇಧಕ್ಕೆ ಸರಕಾರ ಯತ್ನಿಸಬೇಕೆಂಬ ಆಶಯ ಸಂವಿಧಾನದ 47ನೇ ವಿಧಿಯಲ್ಲಿ ಸೇರಿತು. ಅಂಗಡಿ ಮುಚ್ಚಿಸುವ ಕೆಲಸಕ್ಕೆ ಕಾನೂನು ಬೇಕು. ಆದರೆ ಒಬ್ಬ ಹರಿಲಾಲನನ್ನು ಎತ್ತಲು ಹಾಸಿಗೆಯ ಪಕ್ಕ ನಿಲ್ಲುವ ಒಬ್ಬರು ಬೇಕು.

1948ರ ಜನವರಿ 30ರಂದು ತಂದೆ ಹತ್ಯೆಯಾದರು, ಇಡೀ ಜಗತ್ತು ಅತ್ತಿತು. ಐದು ತಿಂಗಳು ತುಂಬುವ ಮೊದಲೇ, ಜೂನ್ 18ರಂದು, ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಹರಿಲಾಲ್ ಕಣ್ಣುಮುಚ್ಚಿದರು. ದುಂದುಗಾರ ಮಗನ ಸಾಮತಿಯಲ್ಲಿ ಮಗ ಮನೆ ಸೇರುತ್ತಾನೆ, ಈ ಮಗ ಸೇರಲಿಲ್ಲ. ನಾಳೆ ನಿಮ್ಮ ವಾರ್ಡಿಗೆ ಕುಡಿದ ವಾಸನೆಯೊಂದಿಗೆ, ಹೆಸರು ಹೇಳಲೂ ಆಗದೆ ಒಬ್ಬ ಬಂದಾಗ, ಅವನೂ ಯಾರದೋ ಮನೆಯ ಹಿರಿಯ ಮಗ ಎಂಬುದನ್ನು ನೆನಪಿಡಿ.