ಸೈಕ್ಲೋನಿಗೆ ಹೆಸರಿಟ್ಟ ನಾವಿಕ

ಕಾರ್ತಿಕ ಮಾಸದಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿಯಿತೆಂದರೆ ನಮ್ಮ ಹಾಸನ ಸೀಮೆಯ ರೈತನ ಎದೆಯೂ ಕುಸಿಯುತ್ತದೆ. ಹೊಳೆನರಸೀಪುರ, ಅರಕಲಗೂಡುಗಳ ಕಡೆ ಕೊಯ್ದು ಹಾಕಿದ ರಾಗಿ ಹೊಲದಲ್ಲೇ ನೆನೆದು ಮೊಳೆಯುವ ಭಯ. ಅದೇ ಮಳೆಯಿಂದ ಚನ್ನರಾಯಪಟ್ಟಣದ ಬತ್ತಿದ ಕೆರೆಗಳಿಗೆ ನೀರು ಬಂದೀತೆಂಬ ಆಸೆಯೂ ಉಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಸೈಕ್ಲೋನ್ ಎಂದರೇನೆಂದು ಮನೆಯ ಹಿರಿಯರಿಗೆ ತಿಳಿಸಬೇಕೆಂದು ಓದತೊಡಗಿದ ನನಗೆ, ಆ ಹೆಸರನ್ನಿಟ್ಟ ಹೆನ್ರಿ ಪಿಡಿಂಗ್ಟನ್ನನ ಚರಿತ್ರೆ ದೊರೆಯಿತು.

ಪಿಡಿಂಗ್ಟನ್ 1797ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದನು. ವ್ಯಾಪಾರದ ಹಡಗುಗಳಲ್ಲಿ ದುಡಿದು ಕಪ್ತಾನನಾಗಿ, ಬಳಿಕ ಕಲ್ಕತ್ತೆಯಲ್ಲಿ ನೆಲಸಿದನು. 1838ರಲ್ಲಿ ಹೊರಬಂದ ವಿಲಿಯಂ ರೀಡನ ಗ್ರಂಥವು ಆತನಿಗೆ ಬಿರುಗಾಳಿಗಳ ಹುಚ್ಚನ್ನೇ ಹಿಡಿಸಿತು. ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ದಿನಚರಿಗಳನ್ನು ಆತನು ಸಂಗ್ರಹಿಸಿದನು. ಯಾವ ಹೊತ್ತಿನಲ್ಲಿ, ಯಾವ ಸ್ಥಳದಲ್ಲಿ, ಗಾಳಿ ಯಾವ ದಿಕ್ಕಿನಿಂದ ಬೀಸಿತೆಂದು ನಕ್ಷೆಯಲ್ಲಿ ಗುರುತಿಸಿದಾಗ ಗಾಳಿಯ ಸುತ್ತು ಕಣ್ಣಿಗೆ ಕಟ್ಟಿತು. ಸುತ್ತಿಕೊಂಡ ಹಾವಿನ ಸುರುಳಿಯನ್ನು ನೆನೆದು, ಗ್ರೀಕ್ ಮೂಲದಿಂದ ಸೈಕ್ಲೋನ್ ಎಂಬ ಪದವನ್ನು ರಚಿಸಿದನು. 1848ರಲ್ಲಿ ನಾವಿಕರಿಗೆಂದೇ ಕೈಪಿಡಿ ಬರೆದು, ಕಡಲಿನ ನಕ್ಷೆಯ ಮೇಲಿಟ್ಟು ಬಿರುಗಾಳಿಯ ನಡುವನ್ನು ಕಂಡುಕೊಳ್ಳಲು ಪಾರದರ್ಶಕ ಹಾಳೆಗಳನ್ನೂ ಅದರೊಡನೆ ಕೊಟ್ಟನು.

ಸುತ್ತುವ ಬಿರುಗಾಳಿಗಳಿಗೆಲ್ಲ ಹೆಸರೊಂದೇ ಆದರೂ ಅವುಗಳ ಆಹಾರ ಬೇರೆಬೇರೆ ಎಂಬುದು ಮುಂದಿನ ವಿಜ್ಞಾನಿಗಳಿಗೆ ತಿಳಿಯಿತು. ನಮ್ಮ ಕೊಲ್ಲಿಯದು ಉಷ್ಣವಲಯದ ಜಾತಿ. ಸುಮಾರು 26 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಕಡಲಿನ ಆವಿಯೇ ಅದಕ್ಕೆ ಆಹಾರ. ಅದರ ನಡುಭಾಗ ಬೆಚ್ಚಗಿರುತ್ತದೆ, ಬಿರುಸಾದ ಗಾಳಿ ನಡುವಿಗೆ ಹತ್ತಿರದಲ್ಲೇ ಸುತ್ತುತ್ತದೆ. ಯೂರೋಪಿನ ಚಳಿಗಾಲದ ಬಿರುಗಾಳಿಯಾದರೋ ತಣ್ಣನೆಯ ಗಾಳಿ, ಬೆಚ್ಚನೆಯ ಗಾಳಿಗಳು ಸಂಧಿಸುವ ಗಡಿಯಲ್ಲಿ ಹುಟ್ಟುತ್ತದೆ. ಉಪೋಷ್ಣವಲಯದ ಬಿರುಗಾಳಿ ಎರಡು ದೋಣಿಯ ಮೇಲೆ ಕಾಲಿಟ್ಟಂತಹುದು. ಎತ್ತರದ ತಣ್ಣನೆಯ ಸುಳಿಯೊಂದು ಅಷ್ಟೇನೂ ಬಿಸಿಯಲ್ಲದ ಕಡಲಿನ ಮೇಲೆ ನಿಂತಾಗ, ಕೆಳಗಿನ ಆವಿ ಮೇಲೆದ್ದು ಗುಡುಗುಮೋಡಗಳಾಗಿ, ಸುಳಿ ಕಡಲ ಮಟ್ಟಕ್ಕೂ ಇಳಿಯುತ್ತದೆ. ಇದರ ಬಿರುಸಾದ ಗಾಳಿ ಸಾಮಾನ್ಯವಾಗಿ ನಡುವಿನಿಂದ ನೂರು ಕಿಲೋಮೀಟರಿಗೂ ಆಚೆ ಇರುತ್ತದೆ. ಕಾಲಕ್ರಮದಲ್ಲಿ ನಡುಭಾಗ ಬೆಚ್ಚಗಾದರೆ ಇದು ಉಷ್ಣವಲಯದ ಚಂಡಮಾರುತವಾಗಿ ಮಾರ್ಪಡುವುದೂ ಉಂಟು. ಅಟ್ಲಾಂಟಿಕ್ ಸಾಗರದಲ್ಲಿ ಇಂಥವುಗಳಿಗೂ 2002ರಿಂದ ಚಂಡಮಾರುತಗಳ ಪಟ್ಟಿಯಿಂದಲೇ ಹೆಸರಿಡುತ್ತಿದ್ದಾರೆ.

ಇನ್ನು ಪಿಡಿಂಗ್ಟನ್ನನ ಬಾಳಿನ ದುಃಖದ ಸಂಗತಿ. ಕಲ್ಕತ್ತೆಯ ದಕ್ಷಿಣಕ್ಕೆ, ಸುಂದರಬನದ ಮಾತ್ಲಾ ನದಿಯ ಮೇಲೆ ಹೊಸ ಬಂದರನ್ನು ಕಟ್ಟಲು ಸರಕಾರ ಯೋಚಿಸಿತು. ಚಂಡಮಾರುತ ತರುವ ಕಡಲಿನ ಉಬ್ಬರ ಅಲ್ಲಿಗೆ ನುಗ್ಗುವುದೆಂದು 1853ರಲ್ಲಿ ಆತನು ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದನು. ಆ ಮಾತಿಗೆ ಮನ್ನಣೆ ದೊರೆಯಲಿಲ್ಲ. 1858ರಲ್ಲಿ ಆತನು ಕಲ್ಕತ್ತೆಯಲ್ಲಿ ಮಡಿದನು. ಕ್ಯಾನಿಂಗ್ ಎಂಬ ಬಂದರು ಎದ್ದಿತು. 1867ರ ಚಂಡಮಾರುತದಲ್ಲಿ ಹಾಳಾಯಿತು. ಕೆಲವೇ ವರ್ಷಗಳಲ್ಲಿ ಸರಕಾರ ಅದನ್ನು ಕೈಬಿಟ್ಟಿತು.

ಕಪ್ತಾನನೊಬ್ಬ ಒಂಟಿಯಾಗಿ ಹಡಗಿನ ದಿನಚರಿಗಳಿಂದ ಅರಿತದ್ದನ್ನು ಇಂದು ಉಪಗ್ರಹಗಳು ದಿನಗಳ ಮುಂಚೆಯೇ ತೋರಿಸುತ್ತಿವೆ. ಆದರೆ ಮುನ್ಸೂಚನೆಯನ್ನು ಓದಿದವರು ಅದನ್ನು ಹೊಲದಲ್ಲಿರುವವರಿಗೆ ಮುಟ್ಟಿಸಬೇಕು. ಹಳ್ಳಿಗಳಿಂದ ಬಂದು ಇಲ್ಲಿ ಓದುತ್ತಿರುವ ಮಿತ್ರರೇ, ಕೊಯ್ಲನ್ನು ನಾಲ್ಕು ದಿನ ತಡೆಯಿರೆಂದು ಸಕಾಲದಲ್ಲಿ ಮನೆಗೆ ತಿಳಿಸುವುದೂ ನಮ್ಮ ವಿದ್ಯೆಯ ಒಂದು ಕೆಲಸವೆಂದು ನಾನು ನಂಬಿದ್ದೇನೆ.